ಸಂಸತ್ತು ಸುಮ್ಮನಿದ್ದರೆ ಯುದ್ಧ ನಿಲ್ಲಬೇಕೋ, ಮುಂದುವರಿಯಬೇಕೋ?

2025ರ ಜೂನ್ 22ರ ನಸುಕಿನಲ್ಲಿ ಇರಾನಿನ ಫೋರ್ಡೊ, ನತಾಂಜ್, ಇಸ್ಫಹಾನ್‌ನ ಅಣು ಕೇಂದ್ರಗಳ ಮೇಲೆ ಅಮೆರಿಕ ಬಾಂಬು, ಕ್ಷಿಪಣಿಗಳಿಂದ ದಾಳಿ ಮಾಡಿತು. ಅದಕ್ಕೆ ಮುಂಚೆ ಅಮೆರಿಕದ ಸಂಸತ್ತಿನಲ್ಲಿ ಮತದಾನ ಆಗಿರಲಿಲ್ಲ. ಐದು ದಿನ ಕಳೆದ ಮೇಲೆ, ಸಂಸತ್ತಿನ ಒಪ್ಪಿಗೆ ಇಲ್ಲದೆ ಇರಾನ್ ವಿರುದ್ಧ ಸೇನೆ ಬಳಸಬಾರದು ಎನ್ನುವ ನಿರ್ಣಯ ಅದರ ಒಂದು ಸದನವಾದ ಸೆನೆಟ್‌ನಲ್ಲಿ ಮತಕ್ಕೆ ಬಂತು. ಪರವಾಗಿ 47, ವಿರುದ್ಧ 53. ನಿರ್ಣಯ ಬಿದ್ದುಹೋಯಿತು.

ಆಗ ತುಂಬ ಜನ ಕೇಳಿದ ಪ್ರಶ್ನೆ ಸಹಜವಾದದ್ದೇ. ಯುದ್ಧ ಸಾರುವ ಅಧಿಕಾರ ಸಂಸತ್ತಿನದು ಎಂದು ಅಮೆರಿಕದ ಸಂವಿಧಾನದಲ್ಲೇ ಬರೆದಿದೆ. ಹಾಗಿದ್ದ ಮೇಲೆ ಅಧ್ಯಕ್ಷರೊಬ್ಬರೇ ತೀರ್ಮಾನ ಮಾಡಿ ಇನ್ನೊಂದು ದೇಶದ ಮೇಲೆ ವಿಮಾನ ಕಳಿಸಿದ್ದು ಹೇಗೆ?

ಇದಕ್ಕೆ 'ಅಧ್ಯಕ್ಷರು ಕಾನೂನು ಮುರಿದರು' ಎಂದೋ, 'ಅವರಿಗೆ ಆ ಅಧಿಕಾರ ಇದೆ' ಎಂದೋ ಒಂದೇ ಸಾಲಿನ ಉತ್ತರ ಕೊಡುವವರು ಇದ್ದಾರೆ. ನನಗೆ ಎರಡೂ ಸಾಲದು ಅನ್ನಿಸುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಸಂಸತ್ತು ಏನೂ ಮಾಡದೆ ಸುಮ್ಮನೆ ಕೂತರೆ ಸೇನೆ ವಾಪಸ್ ಬರಬೇಕಾ, ಅಥವಾ ಯುದ್ಧ ತನ್ನ ಪಾಡಿಗೆ ಮುಂದುವರಿಯುತ್ತದಾ? ಪ್ರೀಪೇಯ್ಡ್ ಸಿಮ್ ಆದರೆ ನಾವು ರೀಚಾರ್ಜ್ ಮಾಡದಿದ್ದರೆ ತಾನಾಗೇ ನಿಂತುಹೋಗುತ್ತದೆ. ಆಟೋಪೇ ಹಾಕಿಟ್ಟರೆ ನಾವಾಗಿ ಹೋಗಿ ನಿಲ್ಲಿಸುವವರೆಗೂ ದುಡ್ಡು ಕಟ್ ಆಗುತ್ತಲೇ ಇರುತ್ತದೆ. ಯುದ್ಧದ ಅಧಿಕಾರದ ಇಡೀ ಜಗಳ ಈ ವ್ಯತ್ಯಾಸದ ಸುತ್ತಲೇ ಇದೆ.

ಮೊದಲು ಸಂವಿಧಾನ ಏನನ್ನುತ್ತದೆ ನೋಡೋಣ. ಅಮೆರಿಕದ ಸಂಸತ್ತಿನ ಹೆಸರು ಕಾಂಗ್ರೆಸ್. ನಮ್ಮ ರಾಜಕೀಯ ಪಕ್ಷಕ್ಕೂ ಅದಕ್ಕೂ ಸಂಬಂಧವಿಲ್ಲ. ಪ್ರತಿನಿಧಿ ಸಭೆ, ಸೆನೆಟ್ ಎಂದು ಎರಡು ಸದನ. ಯುದ್ಧ ಸಾರುವುದು, ಸೇನೆ ಕಟ್ಟುವುದು, ಅದಕ್ಕೆ ಹಣ ಕೊಡುವುದು ಕಾಂಗ್ರೆಸ್ಸಿನ ಕೆಲಸ. ಸೇನೆಗೆ ಒಂದು ಸಲಕ್ಕೆ ಎರಡು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಹಣ ಮಂಜೂರು ಮಾಡುವ ಹಾಗೂ ಇಲ್ಲ. ಅಧ್ಯಕ್ಷರು ಸೇನೆಯ ಮಹಾದಂಡನಾಯಕರು. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆಯುವಾಗ ಕರಡಿನಲ್ಲಿ ಯುದ್ಧ 'ನಡೆಸುವ' ಅಧಿಕಾರವೇ ಕಾಂಗ್ರೆಸ್ಸಿಗೆ ಇತ್ತು. ಆ ಸಭೆಯ ಸದಸ್ಯರಾದ ಮ್ಯಾಡಿಸನ್ ಮತ್ತು ಗೆರ್ರಿ ಅದನ್ನು 'ಸಾರುವ' ಎಂದು ಬದಲಿಸಿದರು. ದಿಢೀರನೆ ಯಾರಾದರೂ ಮೇಲೆ ಬಿದ್ದರೆ ಸಭೆ ಸೇರುವವರೆಗೆ ಕಾಯಲಾಗುವುದಿಲ್ಲ, ಅಂಥ ದಾಳಿಯನ್ನು ತಡೆಯಲು ಅಧ್ಯಕ್ಷರಿಗೆ ಅವಕಾಶ ಇರಲಿ ಎಂಬುದು ಅವರ ಕಾರಣ. ಅಷ್ಟು ಸಣ್ಣ ಕಿಂಡಿ ಬಿಟ್ಟಿದ್ದರು. ಮುಂದೆ ಅದರಲ್ಲಿ ದೊಡ್ಡ ದೊಡ್ಡ ಯುದ್ಧಗಳೇ ತೂರಿಹೋದವು.

ಅಮೆರಿಕ ವಿಧಿಬದ್ಧವಾಗಿ ಯುದ್ಧ ಸಾರಿದ್ದು ಇತಿಹಾಸದಲ್ಲಿ ಐದೇ ಯುದ್ಧಗಳಲ್ಲಿ. ಕೊನೆಯ ಸಲ 1942ರಲ್ಲಿ, ಬಲ್ಗೇರಿಯಾ, ಹಂಗೇರಿ, ರೊಮೇನಿಯಾ ವಿರುದ್ಧ. ಆಮೇಲೆ ಕೊರಿಯಾ, ವಿಯೆಟ್ನಾಂ, ಇರಾಕ್, ಅಫ್ಘಾನಿಸ್ತಾನ ಎಲ್ಲ ಆಯಿತು, ಆದರೆ ಯುದ್ಧ ಸಾರಲಿಲ್ಲ. 1950ರಲ್ಲಿ ಅಧ್ಯಕ್ಷ ಟ್ರೂಮನ್ ಕೊರಿಯಾಕ್ಕೆ ಸೇನೆ ಕಳಿಸಿದಾಗ ಕಾಂಗ್ರೆಸ್ಸಿನ ಒಪ್ಪಿಗೆಯನ್ನೇ ಕೇಳಲಿಲ್ಲ. ಅದು ವಿಶ್ವಸಂಸ್ಥೆಯ ಪರವಾಗಿ ನಡೆಯುವ ಪೊಲೀಸ್ ಕಾರ್ಯಾಚರಣೆ ಎಂಬ ವಾದ ಬಂತು. ಆ ಯುದ್ಧದಲ್ಲಿ 36 ಸಾವಿರಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತರು.

ವಿಯೆಟ್ನಾಂ ಕಥೆ ಇನ್ನೂ ಕೆಟ್ಟದ್ದು. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 1964ರ ಆಗಸ್ಟ್ 2ರಂದು ಟಾಂಕಿನ್ ಕೊಲ್ಲಿಯಲ್ಲಿ ಅಮೆರಿಕದ ಮ್ಯಾಡಾಕ್ಸ್ ಹಡಗಿನ ಮೇಲೆ ಉತ್ತರ ವಿಯೆಟ್ನಾಮಿನ ದೋಣಿಗಳು ದಾಳಿ ಮಾಡಿದ್ದು ನಿಜ. ಎರಡು ದಿನ ಬಿಟ್ಟು, ಆಗಸ್ಟ್ 4ರ ರಾತ್ರಿ, ಮ್ಯಾಡಾಕ್ಸ್ ಮತ್ತು ಟರ್ನರ್ ಜಾಯ್ ಹಡಗುಗಳಿಂದ 'ಮತ್ತೆ ದಾಳಿಯಾಗುತ್ತಿದೆ' ಎಂದು ಸಂದೇಶ ಹೋಯಿತು. ಕತ್ತಲು, ಕೆಟ್ಟ ಹವೆ. ರೇಡಾರ್ ಪರದೆಯ ಮೇಲೆ ಚುಕ್ಕೆಗಳು. ನೀರಿನೊಳಗಿನ ಸದ್ದು ಹಿಡಿಯುವ ಸೋನಾರ್ ಮುಂದೆ ಕೂತಿದ್ದವರಿಗೆ ಟಾರ್ಪೆಡೊ ಸದ್ದು ಕೇಳಿಸಿದಂತಾಯಿತು. ಹಡಗುಗಳು ಕತ್ತಲಿನತ್ತ ಗುಂಡು ಹಾರಿಸಿದವು. ಕೆಲವೇ ಗಂಟೆಗಳಲ್ಲಿ ಅಲ್ಲಿನ ಕಮಾಂಡರ್‌ಗೇ ಅನುಮಾನ ಬಂತು. ಹವಾಮಾನದಿಂದ ರೇಡಾರ್ ತಪ್ಪು ತೋರಿಸಿರಬಹುದು, ಸೋನಾರ್‌ನವರು ಆತುರಪಟ್ಟಿರಬಹುದು, ಇನ್ನೇನು ಮಾಡುವುದಕ್ಕೂ ಮುಂಚೆ ಸರಿಯಾಗಿ ಪರಿಶೀಲಿಸಿ ಎಂದು ಅವರೇ ಮೇಲಕ್ಕೆ ತಿಳಿಸಿದರು. ಆ ಎಚ್ಚರಿಕೆ ಯಾರನ್ನೂ ತಡೆಯಲಿಲ್ಲ. ಅಧ್ಯಕ್ಷ ಜಾನ್ಸನ್ ಅದೇ ರಾತ್ರಿ ಟಿವಿಯಲ್ಲಿ ಪ್ರತಿದಾಳಿ ಘೋಷಿಸಿದರು.

ಆಗಸ್ಟ್ 7ರಂದು ಕಾಂಗ್ರೆಸ್ ನಿರ್ಣಯ ಪಾಸು ಮಾಡಿತು. ದಾಳಿ ಹಿಮ್ಮೆಟ್ಟಿಸಲು, ಮುಂದೆ ಆಕ್ರಮಣ ಆಗದಂತೆ ತಡೆಯಲು 'ಬೇಕಾದ ಎಲ್ಲ ಕ್ರಮ' ತೆಗೆದುಕೊಳ್ಳಬಹುದು ಎಂಬ ಅರ್ಥದ್ದು. ಪ್ರತಿನಿಧಿ ಸಭೆಯಲ್ಲಿ ಒಂದು ಗಂಟೆ ಕೂಡ ಚರ್ಚೆ ಆಗಲಿಲ್ಲ. ಅಲ್ಲಿ 416 ಮತ ಪರ, ವಿರುದ್ಧ ಒಂದೂ ಇಲ್ಲ. ಸೆನೆಟ್‌ನಲ್ಲಿ 88ಕ್ಕೆ 2. ಆ ಇಬ್ಬರು ವೇಯ್ನ್ ಮೋರ್ಸ್ ಮತ್ತು ಅರ್ನೆಸ್ಟ್ ಗ್ರೂನಿಂಗ್. ಆಗಸ್ಟ್ 4ರ ದಾಳಿ ನಡೆದೇ ಇರಲಿಲ್ಲ ಎಂದು ಅಮೆರಿಕದ್ದೇ ಗುಪ್ತಚರ ಸಂಸ್ಥೆಯ ದಾಖಲೆಗಳು ದಶಕಗಳ ನಂತರ ಹೊರಬಂದಾಗ ಗೊತ್ತಾಯಿತು. ಅಷ್ಟರಲ್ಲಿ 58 ಸಾವಿರಕ್ಕೂ ಹೆಚ್ಚು ಅಮೆರಿಕನ್ನರು, ಲಕ್ಷಾಂತರ ವಿಯೆಟ್ನಾಮಿಗಳು ಸತ್ತಾಗಿತ್ತು.

ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ಕಾಂಗ್ರೆಸ್ ಸುಮ್ಮನಿರಲಿಲ್ಲ, ಮತ ಹಾಕಿತ್ತು. ಆದರೆ ಸರ್ಕಾರ ಕೊಟ್ಟ ಮಾಹಿತಿಯನ್ನೇ ನಂಬಿ, ಮೂರೇ ದಿನದಲ್ಲಿ, ಕೊನೆಯ ದಿನಾಂಕವೇ ಇಲ್ಲದ ಒಪ್ಪಿಗೆ ಕೊಟ್ಟುಬಿಟ್ಟಿತು. ಅದಾದ ಮೇಲೆ ವರ್ಷಗಟ್ಟಲೆ ಯುದ್ಧ ಬೆಳೆಯುತ್ತಾ ಹೋದರೂ ಮತ್ತೆ ಕೇಳುವ ಅಗತ್ಯವೇ ಬೀಳಲಿಲ್ಲ. ಇದರ ಮೇಲೆ, ಅಧ್ಯಕ್ಷ ನಿಕ್ಸನ್ ಕಾಲದಲ್ಲಿ, 1969ರಿಂದ ಕಾಂಬೋಡಿಯಾದ ಮೇಲೆ ಕದ್ದುಮುಚ್ಚಿ ಬಾಂಬ್ ಹಾಕಿ, ದಾಖಲೆಗಳಲ್ಲಿ ಬೇರೆ ಜಾಗದ ಹೆಸರು ಬರೆದಿದ್ದರು. ಅದು ಬಯಲಿಗೆ ಬಂದಾಗ ಕಾಂಗ್ರೆಸ್ ಸದಸ್ಯರಿಗೆ ಸಿಟ್ಟು ನೆತ್ತಿಗೇರಿತು.

ಆ ಸಿಟ್ಟಿನಲ್ಲಿ ಹುಟ್ಟಿದ್ದು 1973ರ ಯುದ್ಧಾಧಿಕಾರ ಕಾನೂನು. ನಿಕ್ಸನ್ ವೀಟೋ ಹಾಕಿದರು, ಅಂದರೆ ಸಹಿ ಹಾಕದೆ ತಿರಸ್ಕರಿಸಿದರು. ಎರಡೂ ಸದನಗಳು ಮೂರನೇ ಎರಡಕ್ಕಿಂತ ಹೆಚ್ಚು ಮತದಿಂದ ಆ ವೀಟೋವನ್ನು ಮುರಿದವು. ಪ್ರತಿನಿಧಿ ಸಭೆಯಲ್ಲಿ 284-135, ಸೆನೆಟ್‌ನಲ್ಲಿ 75-18. ನವೆಂಬರ್ 7ರಂದು ಅದು ಕಾನೂನಾಯಿತು.

ಅದನ್ನು ಬರೆದವರು ನಿಜಕ್ಕೂ ಯೋಚನೆ ಮಾಡಿದ್ದರು. ಸೇನೆಯನ್ನು ಸಂಘರ್ಷಕ್ಕೆ ಇಳಿಸಿದ 48 ಗಂಟೆಯೊಳಗೆ ಅಧ್ಯಕ್ಷರು ಕಾಂಗ್ರೆಸ್ಸಿಗೆ ಲಿಖಿತ ವರದಿ ಕೊಡಬೇಕು. ಅಲ್ಲಿಂದ 60 ದಿನದ ಗಡುವು ಶುರು. ಅಷ್ಟರಲ್ಲಿ ಕಾಂಗ್ರೆಸ್ ಒಪ್ಪಿಗೆ ಕೊಡದಿದ್ದರೆ ಸೇನೆ ವಾಪಸ್ ಬರಬೇಕು. ಸುರಕ್ಷಿತವಾಗಿ ಹೊರಬರಲು ಬೇಕಿದ್ದರೆ ಇನ್ನು 30 ದಿನ. ಕಾಂಗ್ರೆಸ್ ಏನೂ ಮಾಡದಿದ್ದರೂ ಸರಿ, ಯುದ್ಧ ನಿಲ್ಲಬೇಕು. ಇದರ ಜೊತೆಗೆ ಇನ್ನೊಂದು ಅಸ್ತ್ರವೂ ಇತ್ತು. 60 ದಿನ ಕಾಯದೆ, ಎರಡೂ ಸದನಗಳು ಸರಳ ಬಹುಮತದಿಂದ ನಿರ್ಣಯ ಮಾಡಿದರೆ ಸಾಕು, ಅಧ್ಯಕ್ಷರ ಸಹಿ ಬೇಡ, ಸೇನೆ ಹಿಂದೆ ಬರಬೇಕು.

ಕಾಗದದ ಮೇಲೆ ತುಂಬ ಚೆನ್ನಾಗಿದೆ, ಅಲ್ವಾ? ಎರಡೂ ಕೈಕೊಟ್ಟವು.

ಎರಡನೆಯ ಅಸ್ತ್ರ ಮುರಿದದ್ದು ಯುದ್ಧಕ್ಕೆ ಸಂಬಂಧವೇ ಇಲ್ಲದ ಒಂದು ಮೊಕದ್ದಮೆಯಿಂದ. ಜಗದೀಶ್ ರಾಯ್ ಚಡ್ಡಾ ಎಂಬ ಭಾರತೀಯ ಮೂಲದವರು ಕೀನ್ಯಾದಲ್ಲಿ ಹುಟ್ಟಿದವರು. ಓದಲು ಅಮೆರಿಕಕ್ಕೆ ಹೋದರು. ವೀಸಾ ಅವಧಿ ಮುಗಿಯಿತು. ಅವರು ಅಲ್ಲೇ ಉಳಿಯಬಹುದು ಎಂದು ವಲಸೆ ವಿಷಯದ ನ್ಯಾಯಾಧೀಶರು ಒಪ್ಪಿದರು. ಆದರೆ ಅಂಥ ತೀರ್ಮಾನವನ್ನು ಕಾಂಗ್ರೆಸ್ಸಿನ ಯಾವುದಾದರೂ ಒಂದು ಸದನ ರದ್ದು ಮಾಡಬಹುದು ಎಂಬ ನಿಯಮ ಆಗ ಇತ್ತು. ಪ್ರತಿನಿಧಿ ಸಭೆ ಒಂದು ಪಟ್ಟಿಯಲ್ಲಿ ಅವರ ಹೆಸರು ಸೇರಿಸಿ ರದ್ದು ಮಾಡಿತು. ಚಡ್ಡಾ ಕೋರ್ಟಿಗೆ ಹೋದರು. 1983ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಕಾನೂನಿನ ಬಲ ಇರುವ ಯಾವ ನಿರ್ಧಾರವಾದರೂ ಎರಡೂ ಸದನಗಳಲ್ಲಿ ಪಾಸಾಗಿ ಅಧ್ಯಕ್ಷರ ಮುಂದೆ ಸಹಿಗೆ ಹೋಗಲೇಬೇಕು ಎಂದಿತು.

ಚಡ್ಡಾ ಅವರಿಗೆ ನ್ಯಾಯ ಸಿಕ್ಕಿತು, ಅದು ಸರಿಯೇ. ಆದರೆ ಅದೇ ಏಟಿಗೆ ಯುದ್ಧಾಧಿಕಾರ ಕಾನೂನಿನ ಹಲ್ಲೂ ಉದುರಿತು. ಈಗ ಯುದ್ಧ ನಿಲ್ಲಿಸುವ ನಿರ್ಣಯವೂ ಅಧ್ಯಕ್ಷರ ಮುಂದೆ ಹೋಗಬೇಕು. ತಾನೇ ಶುರು ಮಾಡಿದ ಯುದ್ಧವನ್ನು ನಿಲ್ಲಿಸುವ ಕಾಗದಕ್ಕೆ ಯಾವ ಅಧ್ಯಕ್ಷರು ಸಹಿ ಹಾಕುತ್ತಾರೆ? ವೀಟೋ ಹಾಕುತ್ತಾರೆ. ಅದನ್ನು ಮುರಿಯಲು ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು. ಲೆಕ್ಕ ಸಂಪೂರ್ಣ ತಿರುಗಿಬಿತ್ತು. ಮೊದಲು ಯುದ್ಧ ಮಾಡಲು ಬಹುಮತ ಬೇಕಿತ್ತು. ಈಗ ಒಂದು ಸದನದಲ್ಲಿ ಮೂರನೇ ಒಂದರಷ್ಟಕ್ಕಿಂತ ತುಸು ಹೆಚ್ಚು ಜನ ಜೊತೆಗಿದ್ದರೆ ಸಾಕು, ಅಧ್ಯಕ್ಷರು ಯುದ್ಧ ಮುಂದುವರಿಸಬಹುದು.

ಇದು ಬರೀ ತರ್ಕವಲ್ಲ, ಆಗಿಹೋದದ್ದು. ಯೆಮೆನ್ ಯುದ್ಧದಲ್ಲಿ ಸೌದಿ ಪಡೆಗೆ ಕೊಡುತ್ತಿದ್ದ ನೆರವು ನಿಲ್ಲಿಸಬೇಕೆಂದು 2019ರಲ್ಲಿ ಎರಡೂ ಸದನ ನಿರ್ಣಯ ಮಾಡಿದವು. ಟ್ರಂಪ್ ವೀಟೋ ಹಾಕಿದರು. ಸೆನೆಟ್‌ನಲ್ಲಿ ವೀಟೋ ಮುರಿಯಲು 53 ಮತ ಬಂತು, ಎದುರು 45. ಬಹುಮತ ಇತ್ತು, ಆದರೂ ಸೋತರು. 2020ರ ಜನವರಿಯಲ್ಲಿ ಇರಾನಿನ ಸೇನಾನಾಯಕ ಖಾಸಿಂ ಸುಲೈಮಾನಿಯನ್ನು ಬಾಗ್ದಾದ್‌ನಲ್ಲಿ ಡ್ರೋನ್‌ನಿಂದ ಕೊಂದ ಮೇಲೆ ಮತ್ತೆ ಅದೇ ಪ್ರಯತ್ನ, ಅದೇ ವೀಟೋ, ಅದೇ ಸೋಲು.

ಸರಿ, ಆದರೂ 60 ದಿನದ ಗಡುವು ಇತ್ತಲ್ಲ? ಅದನ್ನು ಯಾರೂ ರದ್ದು ಮಾಡಿಲ್ಲ, ಇಂದಿಗೂ ಕಾನೂನಿನಲ್ಲಿದೆ. ಅದನ್ನು ಸವೆಸಿದ್ದು ವಕೀಲರು. ಅಧ್ಯಕ್ಷರು ಕಾಂಗ್ರೆಸ್ಸಿಗೆ ವರದಿಗಳನ್ನು ಕಳಿಸುತ್ತಲೇ ಬಂದಿದ್ದಾರೆ, ನೂರಕ್ಕೂ ಹೆಚ್ಚು. ಆದರೆ ಗಡುವನ್ನು ಶುರುಮಾಡುವ ಕಲಮಿನ ಹೆಸರು ಹೇಳಿ ಕಳಿಸಿದ್ದು ಒಂದೇ ಸಲ, 1975ರಲ್ಲಿ ಕಾಂಬೋಡಿಯಾದವರು ಹಿಡಿದ ಮಾಯಾಗೆಜ್ ಹಡಗಿನ ಘಟನೆಯಲ್ಲಿ. ಆಗ ವರದಿ ಬರುವ ಹೊತ್ತಿಗೆ ಕೆಲಸವೇ ಮುಗಿದಿತ್ತು. ಉಳಿದ ಬಹುಪಾಲು ವರದಿಗಳಲ್ಲಿ 'ಕಾನೂನಿಗೆ ಹೊಂದುವಂತೆ' ತಿಳಿಸುತ್ತಿದ್ದೇವೆ ಎಂದಷ್ಟೇ ಇರುತ್ತದೆ. 'ಕಾನೂನಿನ ಪ್ರಕಾರ' ಎಂದು ಬರೆಯುವುದಿಲ್ಲ. ಬರೆದರೆ ಗಡುವನ್ನು ಒಪ್ಪಿಕೊಂಡಂತಾಗುತ್ತದೆ ಎಂಬ ಭಯ. ಇದರಲ್ಲಿ ರಿಪಬ್ಲಿಕನ್, ಡೆಮಾಕ್ರಟ್ ಎಂಬ ಭೇದ ಇಲ್ಲ.

2011ರ ಲಿಬಿಯಾ ಇದಕ್ಕೆ ಒಳ್ಳೆಯ ಉದಾಹರಣೆ. ಮಾರ್ಚ್ 19ಕ್ಕೆ ದಾಳಿ ಶುರುವಾಯಿತು. ಮೇ ತಿಂಗಳ ಹೊತ್ತಿಗೆ 60 ದಿನ ಮುಗಿಯಿತು. ಕಾರ್ಯಾಚರಣೆ ಅಕ್ಟೋಬರ್ ಕೊನೆಯವರೆಗೂ ನಡೆಯಿತು. ಒಬಾಮಾ ಸರ್ಕಾರದ ವಕೀಲರ ವಾದ ಏನು ಗೊತ್ತಾ? ಅಲ್ಲಿ ನಮ್ಮ ಕಾಲಾಳುಗಳು ಇಲ್ಲ, ನಮ್ಮವರು ಸಾಯುವ ಅಪಾಯ ಕಡಿಮೆ, ಎದುರಿನವರು ತಿರುಗಿ ಹೊಡೆಯುವಂತಿಲ್ಲ, ಹಾಗಾಗಿ ಇದು ಕಾನೂನು ಹೇಳುವ ಅರ್ಥದ 'ಸಂಘರ್ಷ' ಅಲ್ಲ. ಈ ವಾದ ಓದಿದಾಗ ನನಗೆ ನಿಜಕ್ಕೂ ಬೇಸರವಾಯಿತು. ಬಾಂಬು ಬೀಳುವ ಜಾಗದಲ್ಲಿ ಇರುವವರ ಲೆಕ್ಕವೇ ಇದರಲ್ಲಿ ಇಲ್ಲ. ಜೊತೆಗೆ, ಡ್ರೋನ್‌ಗಳ ಕಾಲದಲ್ಲಿ ಈ ವಾದ ಒಪ್ಪಿದರೆ ಮುಂದಿನ ಬಹುಪಾಲು ಯುದ್ಧಗಳು ಕಾನೂನಿನ ಹೊರಗೇ ಉಳಿಯುತ್ತವೆ.

ಆದರೆ ಎಲ್ಲ ತಪ್ಪನ್ನೂ ಅಧ್ಯಕ್ಷರ ತಲೆಗೆ ಕಟ್ಟುವುದು ನ್ಯಾಯವಲ್ಲ. ಕಾಂಗ್ರೆಸ್ ಸದಸ್ಯರಿಗೆ ಮತ ಹಾಕುವುದೇ ಬೇಡವಾಗಿರುತ್ತದೆ. ಯುದ್ಧದ ಪರ ಮತ ಹಾಕಿ ಅದು ಕೆಟ್ಟರೆ ಮುಂದಿನ ಚುನಾವಣೆಯಲ್ಲಿ ಅನುಭವಿಸಬೇಕು. ವಿರುದ್ಧ ಹಾಕಿ ಯುದ್ಧ ಗೆದ್ದರೆ ಹೇಡಿ ಎನ್ನಿಸಿಕೊಳ್ಳಬೇಕು. ಮತವೇ ಹಾಕದಿದ್ದರೆ ಎರಡೂ ತಾಪತ್ರಯ ಇಲ್ಲ. ಯುಗೊಸ್ಲಾವಿಯಾ ಮೇಲೆ ಅಮೆರಿಕ ಮತ್ತು ನ್ಯಾಟೊ ವಾಯುದಾಳಿ ನಡೆಸಿದ 1999ರ ಕೊಸೊವೊ ಯುದ್ಧದಲ್ಲಿ ಇದು ಎಲ್ಲರ ಕಣ್ಣಿಗೂ ಬಿತ್ತು. ಏಪ್ರಿಲ್ 28ರಂದು ಪ್ರತಿನಿಧಿ ಸಭೆ ಸಾಲಾಗಿ ಮತ ಹಾಕಿತು. ಯುದ್ಧ ಸಾರಬೇಕಾ? ಬೇಡ, 427ಕ್ಕೆ 2. ಹಾಗಾದರೆ ಸೇನೆ ವಾಪಸ್ ಕರೆಸಬೇಕಾ? ಅದೂ ಬೇಡ, 290ಕ್ಕೆ 139. ವಾಯುದಾಳಿಗೆ ಬೆಂಬಲ ಕೊಡಬೇಕಾ? 213-213, ಸಮ. ನಿರ್ಣಯ ಬಿತ್ತು. ಕೆಲವು ವಾರಗಳಲ್ಲಿ ಅದೇ ಕಾಂಗ್ರೆಸ್ ಯುದ್ಧದ ಖರ್ಚಿಗೆ ಹಣ ಮಂಜೂರು ಮಾಡಿತು. ಹಣ ಕೊಟ್ಟಿದ್ದೇ ಒಪ್ಪಿಗೆ ಎಂದು ಕ್ಲಿಂಟನ್ ಸರ್ಕಾರದ ವಕೀಲರು ಹೇಳಿದರು. ದಾಳಿ 60 ದಿನದ ಗಡುವು ದಾಟಿ 78 ದಿನ ನಡೆಯಿತು. ಟಾಮ್ ಕ್ಯಾಂಬೆಲ್ ಮತ್ತು ಕೆಲವು ಸದಸ್ಯರು ಕೋರ್ಟಿಗೆ ಹೋದರು. ಈ ಮೊಕದ್ದಮೆ ಹೂಡುವ ಹಕ್ಕು ನಿಮಗಿಲ್ಲ ಎಂದು ಕೋರ್ಟ್ ಕಳಿಸಿಬಿಟ್ಟಿತು. ಕಾಂಗ್ರೆಸ್ಸಿಗೆ ನಿಲ್ಲಿಸುವ ಇಚ್ಛೆ ಇದ್ದರೆ ಅದರ ಕೈಯಲ್ಲೇ ದಾರಿಗಳಿವೆ, ನಮ್ಮ ಹತ್ತಿರ ಬರಬೇಡಿ ಎಂಬುದು ಅದರ ಭಾವ.

ಒಪ್ಪಿಗೆ ಕೊಟ್ಟಾಗಲೂ ತೊಂದರೆ ತಪ್ಪಿದ್ದಲ್ಲ. 2001ರ ಸೆಪ್ಟೆಂಬರ್ 11ರ ದಾಳಿ ಆದ ಮೂರನೇ ದಿನ ಕಾಂಗ್ರೆಸ್ ಒಂದು ಸಣ್ಣ ನಿರ್ಣಯ ಮಾಡಿತು. ದಾಳಿ ಮಾಡಿದವರು, ನೆರವಾದವರು, ಅವರಿಗೆ ಆಸರೆ ಕೊಟ್ಟವರು ಯಾರೆಂದು ಅಧ್ಯಕ್ಷರು ನಿರ್ಧರಿಸುತ್ತಾರೋ ಅವರ ಮೇಲೆ ಬಲ ಬಳಸಬಹುದು ಎಂದು. ಕೊನೆಯ ದಿನಾಂಕ ಇಲ್ಲ, ದೇಶದ ಹೆಸರಿಲ್ಲ. ಪ್ರತಿನಿಧಿ ಸಭೆಯಲ್ಲಿ 420 ಪರ, ಒಂದೇ ಒಂದು ವಿರುದ್ಧ. ಆ ಒಂದು ಮತ ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ ಅವರದು. ಇದು ಖಾಲಿ ಚೆಕ್ ಆಗುತ್ತದೆ ಎಂದು ಅವರು ಎಚ್ಚರಿಸಿದ್ದರು. ಅದಕ್ಕೆ ಅವರಿಗೆ ಕೊಲೆ ಬೆದರಿಕೆಗಳು ಬಂದವು. ಮುಂದೆ ಆಗಿದ್ದೇನು? ಅಫ್ಘಾನಿಸ್ತಾನಕ್ಕೆ ಮಾತ್ರವಲ್ಲ, ಯೆಮೆನ್, ಸೊಮಾಲಿಯಾ, ಸಿರಿಯಾಗಳಿಗೂ ಅದೇ ಕಾಗದ ತೋರಿಸಿದರು. ಸೊಮಾಲಿಯಾದ ಉಗ್ರ ಸಂಘಟನೆ ಅಲ್-ಶಬಾಬ್ 2001ರಲ್ಲಿ ಹುಟ್ಟಿಯೇ ಇರಲಿಲ್ಲ. ಅವರ ಮೇಲಿನ ದಾಳಿಗೂ ಇದೇ ಆಧಾರ. ಆವತ್ತು ಮತ ಹಾಕಿದವರಲ್ಲಿ ಹಲವರು ನಿವೃತ್ತರಾದರು, ಕೆಲವರು ತೀರಿಕೊಂಡರು. ಅವರ ಮತ ಮಾತ್ರ ಕೆಲಸ ಮಾಡುತ್ತಲೇ ಇತ್ತು.

ಹಾಗಾದರೆ ಯಾವುದೂ ಫಲಿಸಲಿಲ್ಲವೇ? ಫಲಿಸಿದ್ದು ಒಂದೇ, ಹಣದ ಕೊಳವೆ ಮುಚ್ಚುವುದು. 1973ರಲ್ಲಿ, ಆಗಸ್ಟ್ 15ರ ನಂತರ ವಿಯೆಟ್ನಾಂ, ಕಾಂಬೋಡಿಯಾ, ಲಾವೋಸ್‌ನಲ್ಲಿ ಯುದ್ಧಕ್ಕೆ ಹಣ ಇಲ್ಲ ಎಂದು ಕಾಂಗ್ರೆಸ್ ಹೇಳಿತು. ಬಾಂಬ್ ಬೀಳುವುದು ನಿಂತಿತು. 1993ರಲ್ಲಿ ಸೊಮಾಲಿಯಾದ ಮೊಗದಿಶುವಿನಲ್ಲಿ ಅಮೆರಿಕನ್ ಸೈನಿಕರು ಸತ್ತ ಮೇಲೆ, 1994ರ ಮಾರ್ಚ್ 31ರ ಆಚೆಗೆ ಹಣ ಇಲ್ಲ ಎಂದು ಗೆರೆ ಎಳೆಯಿತು. ಆ ದಿನದೊಳಗೆ ಸೇನೆ ಹೊರಬಂತು. ಹಣದ ವಿಷಯದಲ್ಲಿ ಕಾಂಗ್ರೆಸ್ ಸುಮ್ಮನಿದ್ದರೆ ಹಣ ಹುಟ್ಟುವುದಿಲ್ಲ, ಅದೇ ಅದರ ಶಕ್ತಿ. ಆದರೆ ಸೈನಿಕರು ರಣರಂಗದಲ್ಲಿ ಇರುವಾಗ ಅವರ ಹಣ ನಿಲ್ಲಿಸಿದ ಎಂಬ ಮಾತು ಕೇಳಲು ಯಾವ ಸದಸ್ಯನೂ ತಯಾರಿರುವುದಿಲ್ಲ. ಹಾಗಾಗಿ ಈ ಅಸ್ತ್ರ ಹೊರಬರುವುದು ಜನಾಭಿಪ್ರಾಯ ಪೂರ್ತಿ ತಿರುಗಿದ ಮೇಲೆಯೇ.

ಬೇರೆ ದೇಶಗಳಲ್ಲಿ ಬೇರೆ ವ್ಯವಸ್ಥೆ ಇದೆ. ಜರ್ಮನಿಯದು ನನಗೆ ಹೆಚ್ಚು ಇಷ್ಟ. ಸಶಸ್ತ್ರ ಪಡೆಯನ್ನು ಹೊರದೇಶಕ್ಕೆ ಕಳಿಸಲು ಸಂಸತ್ತಿನ ಒಪ್ಪಿಗೆ ಬೇಕೇ ಬೇಕು ಎಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 1994ರಲ್ಲಿ ಹೇಳಿತು. 2005ರಲ್ಲಿ ಕಾನೂನೂ ಬಂತು. ಸರ್ಕಾರ ಅಲ್ಲಿನ ಸಂಸತ್ತಾದ ಬುಂಡೆಸ್ಟಾಗ್ ಮುಂದೆ ಹೋಗಿ ಎಷ್ಟು ಸೈನಿಕರು, ಯಾವ ಪ್ರದೇಶ, ಎಷ್ಟು ದಿನ, ಎಷ್ಟು ಖರ್ಚು ಎಂದು ಬರೆದುಕೊಡಬೇಕು. ಅವಧಿ ಮುಗಿದರೆ ಮತ್ತೆ ಬಂದು ಕೇಳಬೇಕು. ತುರ್ತು ಇದ್ದರೆ ಮೊದಲು ಕಳಿಸಿ ಆಮೇಲೆ ಒಪ್ಪಿಗೆ ಕೇಳಬಹುದು, ಸಿಗದಿದ್ದರೆ ವಾಪಸ್.

ಟರ್ಕಿಯ 2003ರ ಮಾರ್ಚ್ 1ರ ಮತದಾನವನ್ನೂ ಮರೆಯುವಂತಿಲ್ಲ. ಇರಾಕ್ ಮೇಲೆ ಉತ್ತರದಿಂದ ನುಗ್ಗಲು ಅಮೆರಿಕಕ್ಕೆ ಟರ್ಕಿಯ ನೆಲ ಬೇಕಿತ್ತು. ಸಂಸತ್ತಿನಲ್ಲಿ ಪರವಾಗಿ 264, ವಿರುದ್ಧ 250, ಯಾವ ಕಡೆಯೂ ಹಾಕದವರು 19. ಪರ ಇದ್ದವರೇ ಜಾಸ್ತಿ. ಆದರೂ ನಿರ್ಣಯ ಬಿತ್ತು. ಯಾಕೆಂದರೆ ಹಾಜರಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಬೇಕಿತ್ತು. ಆ 19 ಜನರ ಮೌನ 'ಬೇಡ' ಎಂದು ಲೆಕ್ಕಕ್ಕೆ ಬಂತು. ಅಮೆರಿಕ ತನ್ನ ಯುದ್ಧದ ಯೋಜನೆಯನ್ನೇ ಬದಲಿಸಬೇಕಾಯಿತು.

ಈಗ ನಮ್ಮ ಕಡೆಗೆ ಬರೋಣ. ಭಾರತದ ಸಂವಿಧಾನದಲ್ಲಿ ಸೇನೆಯ ಪರಮಾಧಿಕಾರ ರಾಷ್ಟ್ರಪತಿಯವರದು, ಅಂದರೆ ಮಂತ್ರಿಮಂಡಲದ್ದು. ಯುದ್ಧ ಮತ್ತು ಶಾಂತಿ ಕೇಂದ್ರದ ಪಟ್ಟಿಯಲ್ಲಿರುವ ವಿಷಯ, ಅಂದರೆ ಸಂಸತ್ತು ಬೇಕಿದ್ದರೆ ಕಾನೂನು ಮಾಡಬಹುದು. ಆದರೆ ಸೇನೆಯನ್ನು ಹೊರದೇಶಕ್ಕೆ ಕಳಿಸುವ ಮುಂಚೆ ಸಂಸತ್ತಿನ ಒಪ್ಪಿಗೆ ಬೇಕು ಎಂಬ ಕಾನೂನನ್ನು ಅದು ಮಾಡಿಲ್ಲ. 1987ರ ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಅದರ ಬೆನ್ನಲ್ಲೇ ನಮ್ಮ ಶಾಂತಿಪಾಲನಾ ಪಡೆ ಶ್ರೀಲಂಕಾಕ್ಕೆ ಹೋಯಿತು. ಅಕ್ಟೋಬರ್‌ನಲ್ಲಿ ಎಲ್‌ಟಿಟಿಇ ಜೊತೆ ಯುದ್ಧವೇ ಶುರುವಾಯಿತು. ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರು ಅಲ್ಲಿ ಪ್ರಾಣ ಕೊಟ್ಟರು. ಸಂಸತ್ತಿನಲ್ಲಿ ಪ್ರಶ್ನೆಗಳು ಬಂದವು, ಚರ್ಚೆಗಳು ನಡೆದವು. ಆದರೆ ಈ ಕಾರ್ಯಾಚರಣೆ ಮುಂದುವರಿಯಬೇಕಾ ಎಂದು ಕಾನೂನಿನ ಪ್ರಕಾರ ಮತಕ್ಕೆ ಹಾಕಲೇಬೇಕಾದ ದಿನ ಎಂಬುದೊಂದು ಇರಲಿಲ್ಲ. ಕೊನೆಯ ತಂಡ ಹೊರಟದ್ದು 1990ರ ಮಾರ್ಚ್‌ನಲ್ಲಿ, ದೆಹಲಿಯಲ್ಲಿ ಸರ್ಕಾರ ಬದಲಾದ ಮೇಲೆ.

ನಮ್ಮದು ಸಂಸದೀಯ ಪದ್ಧತಿ, ಸರ್ಕಾರ ಇಷ್ಟವಾಗದಿದ್ದರೆ ಅವಿಶ್ವಾಸ ನಿರ್ಣಯ ತನ್ನಿ ಎಂದು ಕೆಲವರು ಹೇಳುತ್ತಾರೆ. ಆ ಅಧಿಕಾರ ಇದೆ, ಒಪ್ಪುತ್ತೇನೆ. ಆದರೆ ಒಂದು ಕಾರ್ಯಾಚರಣೆ ಸರಿಯಾ ಎಂದು ಕೇಳಲು ಇಡೀ ಸರ್ಕಾರವನ್ನೇ ಬೀಳಿಸಬೇಕು ಎಂದರೆ ಯಾರೂ ಕೇಳುವುದಿಲ್ಲ. ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ ಪಕ್ಷದ ಆದೇಶವಾದ ವಿಪ್ ಮೀರಿ ಮತ ಹಾಕಿದರೆ ಸ್ಥಾನವೇ ಹೋಗುತ್ತದೆ. ರಕ್ಷಣಾ ಸ್ಥಾಯಿ ಸಮಿತಿ ಇದೆ, ಅನುದಾನದ ಬೇಡಿಕೆಗಳನ್ನು ನೋಡುತ್ತದೆ, ಶಿಫಾರಸು ಮಾಡುತ್ತದೆ. ಸೇನೆ ಕಳಿಸುವುದನ್ನು ತಡೆಯುವ ಅಧಿಕಾರ ಅದಕ್ಕಿಲ್ಲ.

ಹಾಗೆಂದು ಸಂಸತ್ತಿನ ಮಾತಿಗೆ ಬೆಲೆಯೇ ಇಲ್ಲ ಎಂದಲ್ಲ. 2003ರ ಏಪ್ರಿಲ್‌ನಲ್ಲಿ ಲೋಕಸಭೆ ಇರಾಕ್ ಮೇಲಿನ ದಾಳಿಯನ್ನು ಖಂಡಿಸಿ ಒಮ್ಮತದ ನಿರ್ಣಯ ಮಾಡಿತು. ಅಲ್ಲಿಗೆ ಭಾರತದ ಸೈನಿಕರನ್ನು ಕಳಿಸಿ ಎಂದು ಅಮೆರಿಕ ಒತ್ತಾಯಿಸುತ್ತಿತ್ತು. ಜುಲೈನಲ್ಲಿ ವಾಜಪೇಯಿ ಸರ್ಕಾರ ಕಳಿಸುವುದಿಲ್ಲ ಎಂದು ತೀರ್ಮಾನಿಸಿತು. ಕಾನೂನಿನ ಕಟ್ಟು ಇಲ್ಲದಿದ್ದರೂ, ಸದನ ಒಟ್ಟಾಗಿ ಮಾತಾಡಿದ್ದನ್ನು ಬದಿಗಿಡುವುದು ಯಾವ ಸರ್ಕಾರಕ್ಕೂ ಸುಲಭವಲ್ಲ.

ಸುಮ್ಮನಿದ್ದರೆ ನಿಲ್ಲುತ್ತದೆ ಎನ್ನುವ ಪದ್ಧತಿ ನಮ್ಮ ಸಂವಿಧಾನಕ್ಕೆ ಹೊಸದೇನೂ ಅಲ್ಲ. ಸುಗ್ರೀವಾಜ್ಞೆ ಹೊರಡಿಸಿದರೆ ಸಂಸತ್ತು ಮತ್ತೆ ಸೇರಿ ಆರು ವಾರ ಆದ ಮೇಲೆ ಅದು ತಾನಾಗಿ ಸಾಯುತ್ತದೆ. 352ನೇ ವಿಧಿಯ ತುರ್ತು ಪರಿಸ್ಥಿತಿ ಇನ್ನೂ ಕಟ್ಟುನಿಟ್ಟು. 1975ರ ಅನುಭವದ ನಂತರ, 1978ರ 44ನೇ ತಿದ್ದುಪಡಿಯಲ್ಲಿ ಅದನ್ನು ಬಿಗಿ ಮಾಡಿದರು. ಒಂದು ತಿಂಗಳೊಳಗೆ ಎರಡೂ ಸದನ ವಿಶೇಷ ಬಹುಮತದಿಂದ ಒಪ್ಪಬೇಕು, ಆಮೇಲೆ ಆರಾರು ತಿಂಗಳಿಗೊಮ್ಮೆ ಮತ್ತೆ ಒಪ್ಪಬೇಕು. ಯುದ್ಧದ ಕಾರಣಕ್ಕೆ ದೇಶದೊಳಗೆ ತುರ್ತು ಪರಿಸ್ಥಿತಿ ಹೇರಲು ಇಷ್ಟೆಲ್ಲ ಕಟ್ಟುಪಾಡು ಇರುವಾಗ, ಆ ಯುದ್ಧಕ್ಕೆ ಸೈನಿಕರನ್ನು ಸಮುದ್ರದಾಚೆ ಕಳಿಸಲು ಯಾವುದೂ ಇಲ್ಲದಿರುವುದು ನನಗೆ ಸರಿ ಕಾಣುವುದಿಲ್ಲ. ಅದೇ ಗಡುವನ್ನು ಇದಕ್ಕೂ ಹಾಕಬೇಕು ಎಂಬುದು ನನ್ನ ಅಭಿಪ್ರಾಯ. ಬಹುಮತ ಇರುವ ಸರ್ಕಾರ ಗೆದ್ದೇ ಗೆಲ್ಲುತ್ತದೆ, ಇರಲಿ. ಗೆಲ್ಲಲಿಕ್ಕಾದರೂ ಅದು ಉದ್ದೇಶ, ಅವಧಿ, ಸೈನಿಕರ ಸಂಖ್ಯೆ, ಖರ್ಚು ಎಲ್ಲವನ್ನೂ ಸದನದಲ್ಲಿ ಬಾಯಿಬಿಟ್ಟು ಹೇಳಬೇಕಾಗುತ್ತದೆ.

ಇದರಿಂದ ಸೇನೆಯ ಕೈ ಕಟ್ಟಿದಂತಾಗುತ್ತದೆ, ದಿಢೀರ್ ಕೆಲಸಗಳು ಹೇಗೆ ಎನ್ನುವ ಆತಂಕ ಸುಳ್ಳಲ್ಲ. 1988ರ ನವೆಂಬರ್ 3ರಂದು ಮಾಲ್ಡೀವ್ಸ್‌ನಲ್ಲಿ ಬಾಡಿಗೆ ಬಂಟರು ದಂಗೆ ಎದ್ದಾಗ ಅಧ್ಯಕ್ಷ ಗಯೂಮ್ ನೆರವು ಕೇಳಿದರು. ಆಗ್ರಾದಿಂದ ಹೊರಟ ನಮ್ಮ ಪ್ಯಾರಾ ಸೈನಿಕರು ಅದೇ ರಾತ್ರಿ ಅಲ್ಲಿನ ವಿಮಾನ ನಿಲ್ದಾಣವಿರುವ ಹುಲುಹುಲೆ ದ್ವೀಪದಲ್ಲಿ ಇಳಿದರು. ಅದಕ್ಕೆ ಸಂಸತ್ತನ್ನು ಕಾಯುತ್ತ ಕೂರಲು ಆಗುತ್ತಿರಲಿಲ್ಲ, ಕಾಯಬೇಕಾಗಿಯೂ ಇಲ್ಲ. ಮುಖ್ಯ ಕೆಲಸ ಕೆಲವೇ ದಿನಗಳಲ್ಲಿ ಮುಗಿಯಿತು. ಒಂದು ತಿಂಗಳ ಗಡುವು ಇದ್ದಿದ್ದರೂ ಅದಕ್ಕೆ ಅಡ್ಡಿಯಾಗುತ್ತಿರಲಿಲ್ಲ. ಶ್ರೀಲಂಕಾದ ವಿಷಯದಲ್ಲಿ ಅದೇ ಗಡುವು ಇದ್ದಿದ್ದರೆ, 1987ರ ಆಗಸ್ಟ್‌ನಲ್ಲಿ ಮೊದಲ ಒಪ್ಪಿಗೆ, ಆಮೇಲೆ 1988ರ ಫೆಬ್ರವರಿಯಿಂದ ಶುರುಮಾಡಿ ಇನ್ನೂ ಐದು ಸಲ, ನಮ್ಮ ಹುಡುಗರು ಅಲ್ಲಿ ಯಾಕೆ ಇದ್ದಾರೆ ಎಂದು ಸರ್ಕಾರ ಎರಡೂ ಸದನಗಳಿಗೆ ಹೇಳಿ ಮತ ಕೇಳಬೇಕಾಗುತ್ತಿತ್ತು.